ನಾಲ್ಕನೆಯ ಹಾಡಿನ ಅರ್ಥ

ಯಂತ್ರ ತಪ್ಪು ಮಾಡಿದ್ದರೆ ಅದಕ್ಕೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಕಷ್ಟವೆಂದರೆ ಯಂತ್ರ ಸರಿಯಾಗಿಯೇ ಹೇಳಿತ್ತು. ಅದನ್ನು ತಿದ್ದಿದವನು ನಂಜನಗೂಡಿನ ನಂಜುಂಡಸ್ವಾಮಿ. ಹದಿನೈದು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು, ಮದುವೆ, ನಾಮಕರಣ, ಎಲೆಕ್ಷನ್ ಭಾಷಣಗಳನ್ನೆಲ್ಲ ಕಿವಿಗೆ ತುಂಬಿಕೊಂಡಿದ್ದ ಮನುಷ್ಯ ಅವನು. ಕನ್ನಡದ ಯಾವ ಮಾತು ಯಾರ ಬಾಯಿಂದ ಯಾವ ಅರ್ಥದಲ್ಲಿ ಬರುತ್ತದೆಂದು ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೇ ಅವನು ನಂಬಿದ್ದ.

ಇಂಚರ ಆ ಹೊತ್ತಿಗೆ ದೊಡ್ಡ ಹೆಸರು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಹದಿನಾರರ ಹುಡುಗಿಯ ಕೈಗೆ ಮೊದಲು ಒಳ್ಳೆಯ ಮೈಕು ಕೊಟ್ಟವನು ನಂಜುಂಡಸ್ವಾಮಿ. ಅವಳು ಬೆಳೆದ ಹಾಗೆಲ್ಲ ಇವನೂ ಅವಳ ಹಿಂದೆ ಬೆಳೆದ. ಈಗ ಅವಳಿಗೆ ನಲವತ್ತು, ಇವನಿಗೆ ಐವತ್ತೆಂಟು. ‘ಹೊಸಿಲು’ ಎಂಬ ಹೊಸ ಆಲ್ಬಮ್ ಹಿಡಿದುಕೊಂಡು ಅವಳು ಇಪ್ಪತ್ತೆರಡು ಊರುಗಳ ವಿದೇಶ ಪ್ರವಾಸಕ್ಕೆ ಹೊರಟಿದ್ದಳು. ಕನ್ನಡದಲ್ಲಿ ಪಾಪ್ ಹಾಡುವವರು ಯಾರೂ ಹಾಗೆ ಹೊರಟಿರಲಿಲ್ಲ. ಮೊದಲೆಲ್ಲ ಹೋದರೆ ಆಯಾ ಊರಿನ ಕನ್ನಡ ಸಂಘದ ಇನ್ನೂರು ಜನ ಬಂದು, ಬಿಸಿಬೇಳೆಬಾತ್ ತಿಂದು, ಜೊತೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು, ಅಷ್ಟೇ. ಈಗ ಬರ್ಲಿನ್ನಿನಲ್ಲಿ ಹದಿನೆಂಟು ಸಾವಿರ ಟಿಕೆಟ್ ಒಂದೇ ದಿನದಲ್ಲಿ ಖಾಲಿಯಾಗಿದ್ದವು.

ಇದಕ್ಕೆಲ್ಲ ಕಾರಣ ‘ಒಳದನಿ’ ಎಂಬ ಯಂತ್ರ. ಹಾಡುವವರ ಕೊರಳಿಗೆ ಒಂದು ತೆಳ್ಳನೆಯ ಪಟ್ಟಿ ಕಟ್ಟುತ್ತಾರೆ. ದನಿ ಹೊರಗೆ ಬರುವ ಮೊದಲೇ ಮಿದುಳಿನ ಅಪ್ಪಣೆ ಗಂಟಲಿನ ಸ್ನಾಯುಗಳಿಗೆ ಮುಟ್ಟಿರುತ್ತದೆಯಲ್ಲ, ಆ ಪಟ್ಟಿ ಅದನ್ನು ಓದಿಕೊಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟು ಸಮಯ ಸಿಗುತ್ತದೆ. ಅಷ್ಟರಲ್ಲಿ ಯಂತ್ರ ಆ ಸಾಲನ್ನು ಬೇರೆ ಭಾಷೆಯಲ್ಲಿ, ಅದೇ ರಾಗದಲ್ಲಿ, ಹಾಡುವವರದೇ ಕಂಠದಲ್ಲಿ ಕಟ್ಟಿ, ಕೇಳುಗರು ಕಿವಿಯಲ್ಲಿ ಇಟ್ಟುಕೊಂಡ ಪುಟ್ಟ ಮಣಿಯೊಳಗೆ ಹಾಡಿಬಿಡುತ್ತದೆ. ಪಕ್ಕಪಕ್ಕದಲ್ಲಿ ಕೂತ ಜರ್ಮನ್ ಅಜ್ಜಿಗೂ ತುರ್ಕಿ ಹುಡುಗನಿಗೂ ಇಂಚರ ಅವರವರ ತಾಯಿಯ ಮಾತಿನಲ್ಲೇ ಹಾಡುತ್ತಿರುತ್ತಾಳೆ.

ಆದರೆ ಎರಡು ಅರ್ಥ ಬರುವ ಪದ ಸಿಕ್ಕರೆ ಯಂತ್ರ ಮುಂದೆ ಹೋಗುವುದಿಲ್ಲ. ಕೆಂಪು ದೀಪ ಹಚ್ಚಿ ಕೂತುಬಿಡುತ್ತದೆ. ಆಗ ಆ ಭಾಷೆಯಲ್ಲೇ ಹುಟ್ಟಿ ಬೆಳೆದವರೊಬ್ಬರು ಸರಿಯಾದ ಅರ್ಥವನ್ನು ಆರಿಸಿ ಒತ್ತಬೇಕು. ಆ ಕೆಲಸ ನಂಜುಂಡಸ್ವಾಮಿಯದು.

ಬೆಂಗಳೂರಿನಲ್ಲಿ ತಾಲೀಮು ನಡೆದಿದ್ದಾಗ ನಾಲ್ಕನೆಯ ಹಾಡಿಗೆ ಕೆಂಪು ದೀಪ ಹತ್ತಿತು. ಆಲ್ಬಮ್ಮಿಗೇ ಜೀವದಂತಿದ್ದ ಹಾಡು ಅದು. ಇಂಚರಳೇ ಬರೆದಿದ್ದಳು.

*ಕಣ್ಣು ಒರೆಸಿಕೋ, ಬರ್ತೀನಿ*
*ಗಂಟುಮೂಟೆ ಕಟ್ಟಿದೆ, ಬರ್ತೀನಿ*
*ಹೊಸಿಲ ಮೇಲೆ ಬೆಳಕು ಬಿತ್ತು*
*ಚಪ್ಪಲಿ ಮೆಟ್ಟಿದೆ, ಬರ್ತೀನಿ*

‘ನಾನು ನಿನ್ನ ಬಳಿಗೆ ಬರುತ್ತಿದ್ದೇನೆ’ ಎಂದು ಯಂತ್ರ ಬರೆದು ತೋರಿಸಿ, ಬೇರೆ ಅರ್ಥವೂ ಇರಬಹುದೇ ಎಂದು ಕೇಳಿತ್ತು. ನಂಜುಂಡಸ್ವಾಮಿಗೆ ನಗು ತಡೆಯಲಾಗಲಿಲ್ಲ.

“ನೋಡಿ ಮೇಡಂ, ಎಷ್ಟೇ ಬುದ್ಧಿ ತುಂಬಿದ್ರೂ ಯಂತ್ರ ಯಂತ್ರವೇ,” ಎಂದ, ಪಕ್ಕದಲ್ಲಿದ್ದ ಮ್ಯಾನೇಜರ್ ಪ್ರೆಸಿಲ್ಲಾಗೆ. ಅವಳು ಮಂಗಳೂರಿನವಳು, ಪ್ರವಾಸದ ಲೆಕ್ಕಾಚಾರವೆಲ್ಲ ಅವಳ ತಲೆಯಲ್ಲಿ. “ನಮ್ಮ ಕಡೆ ಮನೆಯಿಂದ ಹೊರಡೋರು ಹೋಗ್ತೀನಿ ಅಂತಾರಾ? ಅಂದ್ರೆ ಅಮ್ಮಂದಿರು ಬಾಯಿ ಮೇಲೆ ಹೊಡೀತಾರೆ. ಹೋಗೋದಾದ್ರೂ ಬರ್ತೀನಿ ಅಂತಲೇ ಅನ್ನಬೇಕು. ಗಂಟು ಕಟ್ಟಿದಾಳೆ, ಚಪ್ಪಲಿ ಹಾಕಿದಾಳೆ, ಅಳಬೇಡ ಅಂತಿದಾಳೆ. ಇದು ಹೊರಡೋ ಹಾಡು.”

“ಅದು ಹೌದು ಮಾರಾಯ್ರೆ. ಆದರೂ ಅವಳ ಹತ್ರ ಒಂದು ಮಾತು ಕೇಳುವ ಅಲ್ವಾ?”

“ಇದನ್ನೂ ಕೇಳೋದಾ? ನಂಗೆ ಕನ್ನಡ ಬರಲ್ಲ ಅನ್ಕೊಂಡಾಳು.”

ಇಂಚರ ಗಾಜಿನ ಆಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಬಿಸಿನೀರು ಕುಡಿಯುತ್ತ ನಿಂತಿದ್ದಳು. ನಂಜುಂಡಸ್ವಾಮಿ ‘ನಾನು ಹೊರಟೆ, ನಿನ್ನನ್ನು ಬಿಟ್ಟು ಹೋಗುತ್ತಿದ್ದೇನೆ’ ಎಂಬ ಅರ್ಥ ಬರೆದು ಒತ್ತಿದ. ದೀಪ ಹಸಿರಾಯಿತು. ಯಂತ್ರ ಆ ಒಂದು ಅರ್ಥವನ್ನು ಮೂವತ್ತೊಂದು ಭಾಷೆಗಳಿಗೆ ಹಂಚಿತು.

ದುಬೈಯಲ್ಲಿ ಜನ ಅತ್ತರು. ಬರ್ಲಿನ್ನಿನಲ್ಲಂತೂ ನಾಲ್ಕನೆಯ ಹಾಡು ಮುಗಿದ ಮೇಲೆ ಚಪ್ಪಾಳೆ ಹೊಡೆಯುವುದಕ್ಕೂ ಯಾರಿಗೂ ಮನಸ್ಸು ಬರಲಿಲ್ಲ. ಬಿಟ್ಟು ಹೋದವರು, ಬಿಟ್ಟು ಬಂದವರು ಎಲ್ಲ ಊರಲ್ಲೂ ಇರುತ್ತಾರಲ್ಲ. ‘ನಮ್ಮ ಕಾಲದ ಅತಿ ದುಃಖದ ವಿದಾಯಗೀತೆ’ ಎಂದು ಅಲ್ಲಿನ ಪತ್ರಿಕೆಯೊಂದು ಜರ್ಮನ್ನಿನಲ್ಲಿ ಬರೆಯಿತು. ಇಂಚರಳಿಗೆ ಆ ಭಾಷೆ ಬರುವುದಿಲ್ಲ, ಓದಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಜನ ಅಳುತ್ತಿರುವುದು ಮಾತ್ರ ಅವಳಿಗೆ ಕಾಣುತ್ತಿತ್ತು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡಳೋ ಏನೋ.

ಮಾರನೆಯ ಬೆಳಿಗ್ಗೆ ನಂಜುಂಡಸ್ವಾಮಿ ಹೋಟೆಲಿನಿಂದ ಹೆಂಡತಿಗೆ ಫೋನು ಮಾಡಿದ. ನಂಜನಗೂಡಿನಲ್ಲಿ ಸುಧಾಮಣಿ ಅಡುಗೆಮನೆಯ ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದ್ದರಿಂದ ಇವನಿಗೆ ಅವಳ ಅರ್ಧ ಮುಖ, ಪೂರ್ತಿ ಸೊಪ್ಪು ಕಾಣುತ್ತಿತ್ತು.

“ಹದಿನೆಂಟು ಸಾವಿರ ಜನ ಅತ್ರು ಕಣೆ. ನಾನು ಹಾಕಿದ ಅರ್ಥಕ್ಕೆ.”

“ಯಾವ ಹಾಡಿಗೆ? ಆ ಬರ್ತೀನಿ ಬರ್ತೀನಿ ಅಂತ ಅದೆಯಲ್ಲ, ಅದಕ್ಕಾ? ಅದಕ್ಯಾಕೆ ಅಳ್ತಾರೆ? ಯಾರೋ ಊರಿಗೆ ಬರ್ತಿರೋ ಹಾಡಲ್ವಾ ಅದು?”

“ಹೋಗೋ ಹಾಡು ಕಣೆ ಪೆದ್ದಿ.”

“ಓ, ಹಂಗಾ. ನಾನು ಬರೋದು ಅನ್ಕೊಂಡಿದ್ದೆ,” ಎಂದು ಸುಧಾಮಣಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು. ಇವನು ಆ ಮಾತನ್ನು ತಂಡದವರಿಗೆಲ್ಲ ಹೇಳಿ ನಗಿಸಿದ.

ಏಳನೆಯ ಊರು ಪೋರ್ಟೊ. ಪೋರ್ಚುಗಲ್ಲಿನ ಆ ಹೆಸರು ಕೇಳಿದಾಗಲಾದರೂ ಅವನಿಗೆ ಹೊಳೆಯಬೇಕಿತ್ತು. ಇಂಚರಳ ತಂಡದಲ್ಲಿ ಹಿಂದೊಮ್ಮೆ ರುಯ್ ಎಂಬ ಡ್ರಮ್ಮರ್ ಇದ್ದ, ಆ ಊರಿನವನು. ಇಬ್ಬರೂ ಮದುವೆಯಾಗಿ ಒಂದು ಹೆಣ್ಣುಮಗುವೂ ಆಗಿತ್ತು. ಹಾಡು ದೊಡ್ಡದಾಗುತ್ತ ಹೋದ ಹಾಗೆ ಮನೆ ಚಿಕ್ಕದಾಗುತ್ತ ಹೋಗಿ, ಕೊನೆಗೆ ಅವನು ಐದು ವರ್ಷದ ಲೀಲಾಳನ್ನು ಕರೆದುಕೊಂಡು ತನ್ನ ದೇಶಕ್ಕೆ ಹೊರಟುಹೋದ. ಅದಾಗಿ ಹದಿಮೂರು ವರ್ಷ. ಇಂಚರಳ ಎದುರಿಗೆ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಎತ್ತದೆ ಎತ್ತದೆ ಎಲ್ಲರಿಗೂ ಮರೆತಂತೆಯೇ ಆಗಿತ್ತು.

ಆ ದಿನ ಸಂಜೆ, ಕಾರ್ಯಕ್ರಮಕ್ಕೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ, ಇಂಚರ ತಾನಾಗಿಯೇ ಕಂಟ್ರೋಲ್ ರೂಮಿಗೆ ಬಂದಳು. ಹಾಗೆ ಬರುವವಳಲ್ಲ.

“ನಂಜುಂಡಣ್ಣ, ನಾಲ್ಕನೇ ಸಾಲು, ಹನ್ನೊಂದನೇ ಸೀಟು. ಆ ಮಣಿ ಒಂದು ಸರಿಯಾಗಿ ಕೇಳಿಸ್ಬೇಕು.”

“ಯಾರವ್ವ ಅದು?”

“ಬೇಕಾದವರು,” ಎಂದಳು. ಕೊರಳಿನ ಪಟ್ಟಿಯನ್ನು ಬಿಚ್ಚಿ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದಳು. ವೇದಿಕೆಯ ಹೆದರಿಕೆ ಎಂದುಕೊಂಡು ಅವನು, “ನಾನಿದೀನಲ್ಲ ತಾಯಿ, ನೀನು ಹಾಡು,” ಎಂದ.

ಕಂಟ್ರೋಲ್ ರೂಮಿನ ಪರದೆಯ ಮೇಲೆ ಒಂದೊಂದು ಮಣಿಯೂ ಒಂದೊಂದು ಹಸಿರು ಚುಕ್ಕೆ. ನಾಲ್ಕನೆಯ ಸಾಲಿನ ಹನ್ನೊಂದನೆಯದನ್ನು ಅವನು ದೊಡ್ಡದು ಮಾಡಿಟ್ಟುಕೊಂಡ. ಭಾಷೆ ಪೋರ್ಚುಗೀಸ್, ದನಿ ಸ್ವಚ್ಛ. ಕ್ಯಾಮೆರಾ ತಿರುಗಿಸಿ ನೋಡಿದರೆ ಗಿಡ್ಡ ಕೂದಲಿನ ಒಂದು ಹುಡುಗಿ, ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಮೊದಲ ಮೂರು ಹಾಡಿಗೂ ಅಲುಗಾಡಲಿಲ್ಲ. ನಾಲ್ಕನೆಯ ಹಾಡು ಶುರುವಾಗಿ, ಎರಡನೆಯ ‘ಬರ್ತೀನಿ’ ಬರುತ್ತಿದ್ದ ಹಾಗೆ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಮಣಿಯನ್ನು ಕಿವಿಯಿಂದ ತೆಗೆದು, ಸೀಟಿನ ಮೇಲೆ ಮೆಲ್ಲಗೆ ಇಟ್ಟು, ಜನರ ಮೊಣಕಾಲು ದಾಟಿಕೊಂಡು ಹೊರಗೆ ನಡೆದಳು. ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು.

ಇಂಚರ ಅದನ್ನು ವೇದಿಕೆಯಿಂದ ನೋಡಿದಳು. ಅವಳ ದನಿ ಒಡೆಯಿತು. ಆದರೆ ಒಳದನಿ ಅಂಥ ಒಡಕನ್ನೆಲ್ಲ ತಾನೇ ಸರಿಮಾಡಿಕೊಳ್ಳುತ್ತದೆ, ಹಾಗಾಗಿ ಹಾಲಿನಲ್ಲಿದ್ದ ಹದಿನಾರು ಸಾವಿರ ಜನರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಬರಿಗಿವಿಯಲ್ಲಿ ಕೂತಿದ್ದ ನಂಜುಂಡಸ್ವಾಮಿಗೆ ಮಾತ್ರ ಕೇಳಿಸಿತು.

ಬೆಳಿಗ್ಗೆ ಹೋಟೆಲಿನ ತಿಂಡಿಯ ಕೋಣೆಯಲ್ಲಿ ಇಂಚರ ಒಣ ಬ್ರೆಡ್ಡಿನ ಎದುರು ಕೂತಿದ್ದಳು. ಪ್ರೆಸಿಲ್ಲಾ ಟ್ಯಾಬ್ಲೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನಂಜುಂಡಸ್ವಾಮಿ ತಟ್ಟೆ ಹಿಡಿದು ಎದುರು ಕುರ್ಚಿಯಲ್ಲಿ ಕೂತ.

“ಆ ಹತ್ತು ದಿನಾನೂ ಕೊಟ್ಬಿಡು ಪ್ರೆಸಿ,” ಎಂದಳು ಇಂಚರ. “ಯಾರ್ಯಾರು ಕೇಳಿದ್ರೋ ಎಲ್ರಿಗೂ ಹೂಂ ಅನ್ನು. ಕೊನೇಲಿ ಇನ್ನೂ ಎಂಟು ಊರು ಸೇರಿಸ್ತೀವಿ ಅಂದಿದ್ರಲ್ಲ, ಅದಕ್ಕೂ ಹೂಂ ಅನ್ನು.”

ಪೋರ್ಟೊ ಆದ ಮೇಲೆ ಹತ್ತು ದಿನ ಖಾಲಿ ಬಿಡಬೇಕೆಂದು ಇಂಚರಳೇ ಹಟ ಹಿಡಿದಿದ್ದಳಂತೆ. ನಂಜುಂಡಸ್ವಾಮಿಗೆ ಅದು ಗೊತ್ತಾದದ್ದೇ ಆಗ.

“ಯಾಕವ್ವ, ಸುಸ್ತಾಗಲ್ವಾ?” ಎಂದ.

ಅವಳು ತಲೆ ಎತ್ತಿದಳು. ಕಣ್ಣು ಊದಿಕೊಂಡಿದ್ದವು. “ನಿನ್ನೆ ಆ ಸೀಟಲ್ಲಿ ಕೂತಿದ್ದು ಲೀಲಾ, ಅಣ್ಣ. ಹೋದ ವರ್ಷ ಒಂದು ಕಾಗದ ಬರ್ದಿದ್ಲು. ನೀನು ಯಾವತ್ತಾದ್ರೂ ಬರ್ತೀಯಾ ಇಲ್ವಾ, ಒಂದೇ ಪದದಲ್ಲಿ ಹೇಳು ಅಂತ. ನಾನು ಹಾಡು ಬರ್ದೆ. ಟಿಕೆಟ್ ಕಳಿಸಿ, ನಾಲ್ಕನೇ ಹಾಡೇ ನನ್ನ ಉತ್ತರ, ಕೇಳಿದ್ಮೇಲೆ ವೇದಿಕೆ ಹಿಂದೆ ನನ್ನ ಹತ್ರ ಬಾ ಅಂತ ಬರ್ದೆ. ಅವಳ ಮುಖ ನೋಡ್ಕೊಂಡೇ ಬರ್ತೀನಿ ಅಂದೆ ಅಣ್ಣ. ಎದ್ದು ಹೋದ್ಲು. ಬೇಡ ಅಂತ ಅಲ್ವಾ ಅದರರ್ಥ?”

ನಂಜುಂಡಸ್ವಾಮಿಯ ಕೈಯಲ್ಲಿದ್ದ ಚಮಚ ಕೈಯಲ್ಲೇ ನಿಂತಿತು. ಅವಳು ಬರುತ್ತೇನೆ ಎಂದಿದ್ದಳು. ಮಗಳ ಕಿವಿಗೆ ಬಿದ್ದದ್ದು ಬಿಟ್ಟು ಹೋಗುತ್ತೇನೆ ಎಂದು, ಅದೂ ಹೆತ್ತ ತಾಯಿಯ ಕಂಠದಲ್ಲಿ.

ಆಗ ಬಾಯಿ ಬಿಟ್ಟಿದ್ದರೆ ಮುಗಿದಿತ್ತು. ಹುಡುಗಿಯ ಮನೆ ಅದೇ ಊರಲ್ಲಿ, ಅರ್ಧ ಗಂಟೆಯ ದಾರಿ. ಹತ್ತು ದಿನ ಕೈಯಲ್ಲಿದ್ದವು. ಪ್ರೆಸಿಲ್ಲಾ ಇನ್ನೂ ಟ್ಯಾಬ್ಲೆಟ್ಟನ್ನು ಮುಂದೆ ಹಿಡಿದಿರಲಿಲ್ಲ. ನಂಜುಂಡಸ್ವಾಮಿ ಬಾಯಿ ತೆರೆದ. ಇಪ್ಪತ್ನಾಲ್ಕು ವರ್ಷ ‘ನಂಜುಂಡಣ್ಣ ಇದ್ರೆ ನಂಗೆ ಭಯ ಇಲ್ಲ’ ಎಂದು ಎಲ್ಲರೆದುರು ಹೇಳುತ್ತ ಬಂದ ಆ ಮುಖ ಎದುರಿಗಿತ್ತು. ನಾಚಿಕೆಯೋ, ಹೆದರಿಕೆಯೋ, ನಾಳೆ ಹೇಳಿದರಾಯಿತು ಎಂಬ ದರಿದ್ರ ಬುದ್ಧಿಯೋ, “ಮಕ್ಕಳ ಮನಸ್ಸು, ಏನಂತ ಹೇಳೋದು,” ಎಂದಷ್ಟೇ ಬಾಯಿಂದ ಬಂತು. ಇಂಚರ ಟ್ಯಾಬ್ಲೆಟ್ಟಿನ ಮೇಲೆ ಹೆಬ್ಬೆರಳು ಒತ್ತಿದಳು.

ಆ ದಿನವೇ ಅವನು ಕದ್ದು ಅರ್ಥ ತಿದ್ದಿದ. ಟೊರಾಂಟೊದಲ್ಲಿ ಜನಕ್ಕೆ ‘ನಿನ್ನ ಬಳಿಗೆ ಬರುತ್ತಿದ್ದೇನೆ’ ಎಂದೇ ಕೇಳಿಸಿತು. ಅವರು ಅಳಲಿಲ್ಲ. ಮುಖ ಅರಳಿಸಿಕೊಂಡು, ಪಕ್ಕದವರ ಭುಜ ಹಿಡಿದುಕೊಂಡು ತೂಗಾಡಿದರು. ತಪ್ಪು ಸರಿಹೋಯಿತಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಯಾರಿಗೆ ಸರಿಹೋಗಬೇಕಿತ್ತೋ ಅವಳೊಬ್ಬಳನ್ನು ಬಿಟ್ಟು ಲೋಕಕ್ಕೆಲ್ಲ ಸರಿಹೋಗಿತ್ತು.

“ಅಣ್ಣ, ಈ ಹಾಡಿಗೆ ಮೊದಲು ಜನ ಅಳ್ತಿದ್ರು, ಈಗ ನಗ್ತಾರಲ್ಲ,” ಎಂದಳು ಇಂಚರ ಮೆಕ್ಸಿಕೊದಲ್ಲಿ.

“ಊರಿಂದ ಊರಿಗೆ ಜನ ಬೇರೆ ಅಲ್ವಾ.”

ಲೀಮಾದಲ್ಲಿ ಅವಳು ಆ ಹಾಡನ್ನೇ ಕೈಬಿಟ್ಟಳು. ಹಾಡುಗಳ ಯಾದಿಯಲ್ಲಿ ನಾಲ್ಕನೆಯದು ಇಲ್ಲದ್ದು ನೋಡಿ ಯಾಕೆಂದು ಕೇಳಿದ್ದಕ್ಕೆ, “ಹೇಳಿದ್ದಾಯ್ತು, ಉತ್ತರಾನೂ ಬಂತು. ಇನ್ನು ಯಾರಿಗೆ ಹಾಡ್ಲಿ ಬಿಡಣ್ಣ,” ಎಂದಳು. ನಂಜುಂಡಸ್ವಾಮಿಗೆ ಅನ್ನ ಸೇರದಾಯಿತು. ಪ್ರತಿದಿನ ಬೆಳಿಗ್ಗೆ ಇವತ್ತು ಹೇಳಬೇಕೆಂದು ಏಳುತ್ತಿದ್ದ. ಆರು ವಾರ ಹಾಗೆಯೇ ಎದ್ದ.

ಒಸಾಕಾದಲ್ಲಿದ್ದಾಗ ಸುಧಾಮಣಿಯೇ ಫೋನು ಮಾಡಿದಳು. ಅವಳು ತಾರಸಿಯ ಮೇಲೆ ಸಂಡಿಗೆಗೆ ಕಾಗೆ ಓಡಿಸುತ್ತ ಕೂತಿದ್ದಳು. ಗಂಡನ ಮುಖ ಪರದೆಯಲ್ಲಿ ಕಂಡದ್ದೇ ಕೈಲಿದ್ದ ಕೋಲು ಕೆಳಗಿಟ್ಟಳು.

“ಏನ್ರೀ ಇದು, ಹಿಂಗೆ ಇಳಿದುಹೋಗಿದೀರಿ?”

ಅವನು ಎಲ್ಲ ಹೇಳಿಬಿಟ್ಟ. ಹೇಳುತ್ತ ಹೇಳುತ್ತ ಅತ್ತ. ಸುಧಾಮಣಿ ಕಾಗೆಗಳು ಬಂದು ಸಂಡಿಗೆಯ ಮೇಲೆ ಕೂತರೂ ತಿರುಗಿ ನೋಡಲಿಲ್ಲ.

“ನನ್ನಂಥೋಳಿಗೆ ಬರೋದು ಅಂತ ಕಾಣಿಸ್ತು, ನಿಮಗೆ ಹೋಗೋದು ಅಂತ ಕಾಣಿಸ್ತು,” ಎಂದಳು ಆಮೇಲೆ. “ಅದು ಹೋಗ್ಲಿ, ತಪ್ಪಾಗ್ತದೆ. ಹಾಡು ಕಟ್ಟಿದೋಳು ಎದುರಿಗೇ ನಿಂತಿದ್ಲು, ಕೇಳ್ಲಿಲ್ಲ. ಅದೂ ಹೋಗ್ಲಿ. ಆ ತಾಯಿ ಮಗಳಿಗೆ ನಾನು ಬೇಡ್ವಂತೆ ಅನ್ಕೊಂಡು ಆರು ವಾರದಿಂದ ಊರೂರಲ್ಲಿ ಹಾಡ್ತಾವಳೆ. ನೀವು ಜೊತೇಲಿ ಕೂತು ಊಟ ಮಾಡ್ತಿದೀರಲ್ರೀ. ಹೆಂಗ್ರೀ ಗಂಟಲಲ್ಲಿ ಇಳೀತದೆ?”

“ಇಳೀತಿಲ್ಲ ಕಣೆ.”

“ಹಂಗಾದ್ರೆ ನನ್ನ ಹತ್ರ ಯಾಕೆ ಅಳ್ತೀರಿ? ಹೋಗಿ ಅಲ್ಲಿ ಹೇಳಿ,” ಎಂದು ಫೋನು ಇಟ್ಟಳು.

ಇಂಚರ ಹೋಟೆಲಿನ ಕೋಣೆಯಲ್ಲಿ ಕುಕ್ಕರಿಟ್ಟು ಅನ್ನ ಮಾಡಿಕೊಂಡಿದ್ದಳು. ಊರು ಯಾವುದಾದರೂ ಮಧ್ಯಾಹ್ನಕ್ಕೆ ಅವಳಿಗೆ ಅನ್ನ, ತುಪ್ಪ, ಮೆಂತ್ಯದ ಹಿಟ್ಟು ಬೇಕು. “ಬಾ ಅಣ್ಣ, ಕೂತ್ಕೊ, ಬಿಸಿಯಾಗಿದೆ,” ಎಂದು ಅವನಿಗೂ ತಟ್ಟೆ ಹಾಕಿದಳು. ಅವನು ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು ಹೇಳಿದ. ಕೆಂಪು ದೀಪ ಹತ್ತಿದ್ದು, ಪ್ರೆಸಿಲ್ಲಾ ಕೇಳೋಣ ಎಂದಿದ್ದು, ತಾನು ನಕ್ಕಿದ್ದು, ಒತ್ತಿದ್ದು, ಬ್ರೆಡ್ಡಿನ ಮುಂದೆ ಕೂತ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದು, ಯಾವುದನ್ನೂ ಬಿಡದೆ ಹೇಳಿದ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಆ ಹತ್ತು ದಿನ ಅವಳಿಗೇ ಅಂತ ಇಟ್ಟಿದ್ದೆ ಅಣ್ಣ,” ಎಂದಳು. “ಇರು ಅಂದಿದ್ರೆ ಆಮೇಲಿಂದೆಲ್ಲ ಬಿಟ್ಟು ಅಲ್ಲೇ ಇದ್ದುಬಿಡ್ತಿದ್ದೆ. ಈಗ ಎಲ್ಲಾದಕ್ಕೂ ಸಹಿ ಹಾಕ್ಬಿಟ್ಟೆ. ನೂರಿಪ್ಪತ್ತು ಜನ ನನ್ನ ನಂಬ್ಕೊಂಡು ಬ್ಯಾಗು ಹೊತ್ಕೊಂಡು ತಿರುಗ್ತಾವ್ರೆ.” ಅನ್ನವನ್ನು ಬೆರಳಲ್ಲಿ ಅತ್ತ ಇತ್ತ ಸರಿಸಿದಳು. “ಕಾಗದದಲ್ಲಿ ಒಂದು ಪದ ಬರೀಬಹುದಿತ್ತು ನಾನು. ಅವಳು ಕೇಳಿದ್ದೇ ಅದು. ನಂಗೆ ಸಾವಿರಾರು ಜನರ ಮುಂದೆ ಹಾಡಿಯೇ ಹೇಳ್ಬೇಕಿತ್ತು.”

“ನನ್ನ ತಪ್ಪನ್ನ ನಿನ್ನ ಮೇಲೆ ಹಾಕ್ಕೋಬೇಡವ್ವ.”

“ಸಿಡ್ನಿಗೆ ಮೊದಲು ಒಂದಿಷ್ಟು ಬಿಡುವಿದೆ. ಪೋರ್ಟೊಗೆ ಹೋಗೋಣ. ನೀವೂ ಬನ್ನಿ. ಯಂತ್ರ ತಗೊಂಡು ಬನ್ನಿ,” ಎಂದಳು. ಅದುವರೆಗೂ ನೀನು ಎನ್ನುತ್ತಿದ್ದವಳು ಅವತ್ತು ಮೊದಲ ಸಲ ನೀವು ಎಂದಳು. ಕೋಪವೆಂದರೆ ಅಷ್ಟೇ ಅವಳದು. ನಂಜುಂಡಸ್ವಾಮಿಗೆ ಅದು ಕೆನ್ನೆಗೆ ಬಿದ್ದ ಹಾಗಾಯಿತು.

ಮಂಗಳವಾರ ಬೆಳಿಗ್ಗೆ ಅವರು ಲೀಲಾಳ ಮನೆಯಲ್ಲಿದ್ದರು. ಕಡಿದಾದ ರಸ್ತೆಯ ಮೇಲೊಂದು ಮೂರನೆಯ ಮಹಡಿಯ ಮನೆ, ಕಿಟಕಿಯ ಆಚೆ ಬಟ್ಟೆ ಒಣಹಾಕಿತ್ತು. ರುಯ್ ಬಾಗಿಲು ತೆಗೆದು, ಇಬ್ಬರನ್ನೂ ಒಳಗೆ ಕೂರಿಸಿ, ಮಾತಾಡಿಕೊಳ್ಳಿ ಎಂದು ಸನ್ನೆ ಮಾಡಿ ಕೆಳಗಿಳಿದು ಹೋದ. ತಾಯಿಗೆ ಪೋರ್ಚುಗೀಸ್ ಇಲ್ಲ, ಮಗಳಿಗೆ ಕನ್ನಡ ಉಳಿದಿಲ್ಲ, ಇಬ್ಬರಿಗೂ ಇದ್ದ ಇಂಗ್ಲಿಷು ಇಂಥ ಮಾತಿಗೆ ಸಾಲದು. ನಂಜುಂಡಸ್ವಾಮಿ ಎಲ್ಲರ ಕೊರಳಿಗೂ ಪಟ್ಟಿ ಕಟ್ಟಿ, ಕಿವಿಗೆ ಮಣಿ ಕೊಟ್ಟು, ಚಿಕ್ಕ ಪರದೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತ. ಒಳದನಿಗೆ ಕನ್ನಡ ಕಲಿಸಿದವನು ಅವನೇ ಆದ್ದರಿಂದ, ಆ ಗಿಡ್ಡ ಕೂದಲಿನ ಹುಡುಗಿ ಬಾಯಿ ತೆರೆದರೆ ಅವನ ಕಿವಿಯಲ್ಲಿ ನಂಜನಗೂಡಿನ ಮಾತು ಬರುತ್ತಿತ್ತು. ಅದನ್ನು ಕೇಳುವುದೇ ಅವನಿಗೆ ಕಷ್ಟವಾಯಿತು.

ಮೊದಲು ತನ್ನ ತಪ್ಪು ಹೇಳಿಕೊಂಡ. ಲೀಲಾ ಅವನನ್ನು ಕೊನೆಯವರೆಗೂ ಕೇಳಿದಳು.

“ಹಂಗಾದ್ರೆ ಆ ಪದಕ್ಕೆ ಎರಡು ಅರ್ಥ ಅದಾ?” ಎಂದಳು. “ನಂಗೆ ಕನ್ನಡದಲ್ಲಿ ನೆನಪುಳಿದಿರೋದು ಆ ಪದ ಒಂದೇ. ಏರ್‌ಪೋರ್ಟಲ್ಲಿ ಅಮ್ಮ ಬಗ್ಗಿ ನನ್ನ ಕಿವೀಲಿ ಅದನ್ನ ಹೇಳಿದ್ಲು. ನಿಜವಾಗ್ಲೂ ಬರ್ತಾಳಾ ಅಂತ ವಿಮಾನದಲ್ಲಿ ಅಪ್ಪನ್ನ ಕೇಳ್ದೆ. ಹಂಗಂದ್ರೆ ಬರ್ತಾಳೆ ಅಂತಲೇ ಅರ್ಥ ಅಂದ. ಹದಿಮೂರು ವರ್ಷ ಅದೇ ಅರ್ಥ ಇಟ್ಕೊಂಡಿದ್ದೆ. ಆವತ್ತು ನಿಮ್ಮ ಯಂತ್ರ ಬೇರೆ ಹೇಳ್ತು. ಓ, ಅಪ್ಪ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ದ ಅನ್ಕೊಂಡೆ.” ತಾಯಿಯ ಕಡೆ ತಿರುಗಿದಳು. “ಹಾಡಿನ ಮಾತು ಆಮೇಲೆ. ಏರ್‌ಪೋರ್ಟಲ್ಲಿ ನೀನು ಅಂದಿದ್ದು ಯಾವುದು?”

ಇಂಚರ ಮುಂದಕ್ಕೆ ಬಾಗಿದಳು. “ಬರ್ತೀನಿ ಅಂದೆ ಮಗಳೇ,” ಎಂದಳು.

ಪರದೆಯ ಮೇಲೆ ಕೆಂಪು ದೀಪ ಹತ್ತಿತು. ಯಂತ್ರ ಮಾತನ್ನು ತಡೆದು ನಿಲ್ಲಿಸಿ, ಎರಡೂ ಅರ್ಥಗಳನ್ನು ಬರೆದು ತೋರಿಸಿ ಕಾಯುತ್ತಿತ್ತು. ಲೀಲಾ ಮಣಿಯನ್ನು ಬೆರಳಿನಿಂದ ಕಿವಿಗೆ ಒತ್ತಿಕೊಂಡು ಕೂತಿದ್ದಳು. ‘ಬರುತ್ತೇನೆ’ ಎಂಬುದನ್ನು ಒತ್ತಿಬಿಡಬೇಕೆಂದು ನಂಜುಂಡಸ್ವಾಮಿಗೆ ಎಷ್ಟು ಆಸೆಯಾಯಿತೆಂದರೆ ಬೆರಳು ಆಗಲೇ ಪರದೆಯ ಮೇಲೆ ಹೋಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಮಗುವಿಗೆ ಹದಿಮೂರು ವರ್ಷ ವಾಪಸು ಸಿಕ್ಕಂತಾಗುತ್ತಿತ್ತು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ತನ್ನ ಪಟ್ಟಿಯನ್ನೂ ಇಂಚರಳ ಪಟ್ಟಿಯನ್ನೂ ನಿಲ್ಲಿಸಿ, ಅವನು ಅವಳನ್ನು ಕೇಳಿದ.

“ಯಾವುದವ್ವ? ನೀನೇ ಹೇಳು. ನಾನು ಇನ್ನು ಊಹೆ ಮಾಡೋಲ್ಲ.”

ಅವಳು ಅವನ ಮುಖ ನೋಡಿದಳು. ಮಗಳ ಮುಖ ನೋಡಿದಳು. ಸುಳ್ಳು ಹೇಳುವುದಕ್ಕೆ ಅವಳಿಗೂ ಅಷ್ಟೇ ಆಸೆಯಾಗಿರಬೇಕು.

“ಹೋಗ್ತೀನಿ ಅಂತಲೇ,” ಎಂದಳು. “ಆವತ್ತು ಸಂಜೆ ಹೈದರಾಬಾದಲ್ಲಿ ಪ್ರೋಗ್ರಾಂ ಇತ್ತು. ಗಡಿಯಾರ ನೋಡ್ಕೊಂಡೇ ಬರ್ತೀನಿ ಅಂದೆ. ಬರೋ ಯೋಚನೆ ಆವತ್ತು ನಂಗಿರ್ಲಿಲ್ಲ. ಹಾಕಿ ಅಣ್ಣ, ಅದನ್ನೇ ಹಾಕಿ.”

ಅವನು ಪಟ್ಟಿಗಳನ್ನು ಮತ್ತೆ ಶುರುಮಾಡಿ ಅದನ್ನೇ ಒತ್ತಿದ. ಲೀಲಾಳಿಗೆ ತಾಯಿಯ ಕಂಠದಲ್ಲಿ ಅದು ಕೇಳಿಸಿತು. ಹುಡುಗಿ ಅಳಲಿಲ್ಲ, ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡಳು. ಕೆಳಗೆ ರಸ್ತೆಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು.

“ಹಾಡಲ್ಲಿ?” ಎಂದಳು ಲೀಲಾ.

“ಹಾಡಲ್ಲಿ ನಿನ್ನ ಹತ್ರ ಬರೋದು. ಅದನ್ನ ಕಲಿಯೋಕೆ ನಂಗೆ ಹನ್ನೆರಡು ವರ್ಷ ಬೇಕಾಯ್ತು. ಈಗ ಬಂದಿದೀನಿ.”

ಇದಕ್ಕೆ ಯಂತ್ರ ಯಾವ ಅನುಮಾನವನ್ನೂ ತೋರಿಸಲಿಲ್ಲ, ಹಾಗೆಯೇ ದಾಟಿಸಿತು. ಲೀಲಾಳ ಮುಖದಲ್ಲಿ ಒಂದು ಗಳಿಗೆ ಐದು ವರ್ಷದ ಮಗುವೊಂದು ಬಂದು ನಿಂತ ಹಾಗೆ ಕಂಡಿತು. ಅವಳು ತನ್ನ ಕುರ್ಚಿಯನ್ನು ತಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ಇಂಚರ ಅವಳ ತಲೆ ಸವರಿದಳು.

“ಎಷ್ಟು ದಿನ ಇರ್ತೀಯ?” ಎಂದಳು ಮಗಳು.

ಇಂಚರಳ ಕೈ ಅವಳ ಕೂದಲಿನಲ್ಲೇ ನಿಂತಿತು. “ಶುಕ್ರವಾರ ಬೆಳಿಗ್ಗೆ ವಿಮಾನ,” ಎಂದಳು.

ಲೀಲಾ ಎರಡೂ ಕೈಗಳನ್ನು ಮಡಿಲ ಮೇಲೆ ಬಿಡಿಸಿಟ್ಟುಕೊಂಡು, ಚಿಕ್ಕಂದಿನಿಂದ ರೂಢಿಯಾದವರಂತೆ ಮಂಗಳವಾರ, ಬುಧವಾರ, ಗುರುವಾರ ಎಂದು ಒಂದೊಂದೇ ಬೆರಳು ಮಡಿಸಿ ಎಣಿಸಿದಳು. ಮೂರಕ್ಕೇ ಎಣಿಕೆ ಮುಗಿಯಿತು. ಹತ್ತರಲ್ಲಿ ಮಡಿಸದೆ ಉಳಿದ ಏಳು ಬೆರಳುಗಳ ಕಡೆ ನಂಜುಂಡಸ್ವಾಮಿ ನೋಡಲಾರದೆ ಹೋದ.